ಚಿಪ್ಪಿಗೆ ಯಾವ ಫೈಲ್ ಕೊಡಬೇಕು?

ಮಂಗಸೂಳಿಯಿಂದ ಕಾಗವಾಡ, ಉಗಾರದ ಕಡೆಗಿನ ಕಬ್ಬಿನ ಸೀಮೆಯಲ್ಲಿ ಪಂಪ್‌ಸೆಟ್ ಇಲ್ಲದ ಬೇಸಾಯ ಕಡಿಮೆ. ಈಗಿನ ಅನೇಕ ಸ್ಟಾರ್ಟರ್ ಪೆಟ್ಟಿಗೆಗಳೊಳಗೆ ಸಣ್ಣದೊಂದು ಎಲೆಕ್ಟ್ರಾನಿಕ್ ಬೋರ್ಡ್ ಇರುತ್ತದೆ. ಕರೆಂಟ್ ಬಂದ ಮೇಲೆ ಸ್ವಲ್ಪ ತಡೆದು ಮೋಟರ್ ಚಾಲೂ ಮಾಡುವುದು, ಮೂರು ಫೇಸಿನಲ್ಲಿ ಒಂದು ಹೋದರೆ ನಿಲ್ಲಿಸುವುದು, ಬಾವಿಯಲ್ಲಿ ನೀರು ಇಳಿದಾಗ ಮೋಟರ್ ಒಣ ಓಡದಂತೆ ಕಾಯುವುದು, ಮೊಬೈಲಿನಿಂದ ಬಂದ ಕರೆಗೆ ಓಗೊಡುವುದು ಅದರ ಕೆಲಸ. ಆ ಬೋರ್ಡಿನ ಮೇಲಿರುವ ಮುಖ್ಯ ಚಿಪ್ಪು ಮೈಕ್ರೊಕಂಟ್ರೋಲರ್. ಅದರೊಳಗೆ ಇಳಿಸುವ ಪ್ರೋಗ್ರಾಮಿಗೆ ಫರ್ಮ್‌ವೇರ್ ಎನ್ನುತ್ತಾರೆ.

ಐಟಿಐ, ಡಿಪ್ಲೊಮಾ ಮುಗಿಸಿದ ನಾಲ್ಕು ಜನ ಸೇರಿ ಇಂಥ ಸ್ಟಾರ್ಟರ್‌ಗಳನ್ನು ಮಂಗಸೂಳಿಯಲ್ಲೇ ತಯಾರಿಸಲು ಹೊರಟಿದ್ದಾರೆ ಎಂದು ಇಟ್ಟುಕೊಳ್ಳೋಣ. ಮೊದಲ ಬೋರ್ಡ್ ಸುಲಭ. ಪ್ರೋಗ್ರಾಂ ಬರೆದವನೇ ತನ್ನ ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿ ಇಳಿಸಿಬಿಡುತ್ತಾನೆ. ಐನೂರನೆಯ ಬೋರ್ಡಿನ ಹೊತ್ತಿಗೆ ಇಳಿಸುವವರು ಬೇರೆ, ಕಂಪ್ಯೂಟರ್ ಬೇರೆ; ಬರೆದವನು ಸಾಮಾನು ತರಲು ಮಿರಜಿಗೆ ಹೋಗಿರಬಹುದು. ಅವನ ಕಡೆಯಿಂದ ಕೆಲಸದ ಮೇಜಿಗೆ ತಲುಪುವುದು ಒಂದು ಫೈಲ್ ಮಾತ್ರ. ಅದು ಹೆಕ್ಸ್ ಇರಬೇಕೆ, ಬಿನ್ ಇರಬೇಕೆ, ಎಲ್ಫ್ ಇರಬೇಕೆ ಎಂಬುದೇ ಇಂದಿನ ಪಾಠ.

ಚಿಪ್ಪಿನ ಫ್ಲ್ಯಾಶ್ ಮೆಮೊರಿಯಲ್ಲಿ ಪ್ರತಿಯೊಂದು ಬೈಟಿಗೂ ಒಂದು ವಿಳಾಸವಿದೆ. ಆದ್ದರಿಂದ ಇಳಿಸುವ ಉಪಕರಣಕ್ಕೆ, ಅಂದರೆ ಪ್ರೋಗ್ರಾಮರ್‌ಗೆ, ಎರಡು ಸಂಗತಿ ಗೊತ್ತಾಗಬೇಕು: ಏನು ಬರೆಯಬೇಕು, ಎಲ್ಲಿ ಬರೆಯಬೇಕು. ‘ಏನು’ ಎಂಬುದು ಎಲ್ಲ ಫೈಲಿನಲ್ಲೂ ಇರುತ್ತದೆ. ‘ಎಲ್ಲಿ’ ಎಂಬುದು ಫೈಲಿನಲ್ಲಿದೆಯೇ, ಇಳಿಸುವವರ ನೆನಪಿನಲ್ಲಿದೆಯೇ? ಯಾವ ಫೈಲ್ ಕಂಡರೂ ಮೊದಲು ಈ ಪ್ರಶ್ನೆ ಕೇಳಿ. ಉಳಿದದ್ದೆಲ್ಲ ಇದರ ಹಿಂದೆ ಬರುತ್ತದೆ.

ಹೆಕ್ಸ್: ಒಂದು ಸಾಲು ಬಿಡಿಸಿ ನೋಡೋಣ

ಇಂಟೆಲ್ ಹೆಕ್ಸ್ 1970ರ ದಶಕದ್ದು. ಕಾಗದದ ಪಟ್ಟಿಯಲ್ಲಿ ತೂತು ಕೊರೆದು ಪ್ರೋಗ್ರಾಂ ಸಾಗಿಸುತ್ತಿದ್ದ ಕಾಲಕ್ಕೆಂದು ಹುಟ್ಟಿದ ಈ ರೂಪ ಇಂದಿಗೂ ಚಾಲ್ತಿಯಲ್ಲಿದೆ. ನೋಟ್‌ಪ್ಯಾಡಿನಲ್ಲಿ ತೆರೆದರೆ ಓದಬಹುದು. ಒಂದು ಸಾಲು ಹೀಗಿರುತ್ತದೆ:

:0300100002334870

ಅಂಕಿಗಳೆಲ್ಲ ಹದಿನಾರರ ಮೂಲದವು, ಎರಡೆರಡು ಅಂಕಿಗೆ ಒಂದು ಬೈಟ್. ಮೊದಲಿನ ಕೋಲನ್ ಸಾಲಿನ ಆರಂಭದ ಗುರುತು. 03 ಎಂದರೆ ಈ ಸಾಲಿನಲ್ಲಿ ಮೂರು ಬೈಟ್ ಮಾಹಿತಿ ಇದೆ. 0010 ಎಂಬುದು ವಿಳಾಸ. ನಮ್ಮ ಲೆಕ್ಕದಲ್ಲಿ 16. ಮುಂದಿನ 00 ಸಾಲಿನ ಜಾತಿ: ಇದು ಮಾಹಿತಿಯ ಸಾಲು. 02, 33, 48 ಚಿಪ್ಪಿಗೆ ಹೋಗುವ ಬೈಟ್‌ಗಳು. ಕೊನೆಯ 70 ಚೆಕ್‌ಸಮ್. ಈಗ ಕೂಡಿಸಿ: 3, 16, 0, 2, 51, 72 ಸೇರಿದರೆ 144. ಚೆಕ್‌ಸಮ್ಮಿನ 70 ನಮ್ಮ ಲೆಕ್ಕದಲ್ಲಿ 112. ಎರಡೂ ಸೇರಿ 256, ಅಂದರೆ ಬೈಟ್ ತುಂಬಿ ಸೊನ್ನೆಗೆ ಬಂತು. ಸಾಲು ಸರಿಯಿದೆ. ಒಮ್ಮೆ ಕೈಯಿಂದ ಈ ಲೆಕ್ಕ ಮಾಡಿ ನೋಡಿದವರಿಗೆ ಹೆಕ್ಸ್ ಫೈಲಿನ ಹೆದರಿಕೆ ಹೋಗುತ್ತದೆ.

ವಿಳಾಸಕ್ಕೆ ನಾಲ್ಕೇ ಅಂಕಿ ಇರುವುದರಿಂದ ಒಂದು ಸಾಲಿನ ಕೈಗೆ ಎಟಕುವುದು 64 ಕೆಬಿ ಮಾತ್ರ. ದೊಡ್ಡ ಚಿಪ್ಪುಗಳಿಗಾಗಿ ಆಮೇಲೆ 04 ಜಾತಿಯ ಸಾಲು ಬಂತು. ಮುಂದಿನ ಸಾಲುಗಳ ವಿಳಾಸದ ಮೇಲ್ಭಾಗವನ್ನು ಅದು ಹೇಳುತ್ತದೆ. 01 ಜಾತಿಯ ಸಾಲು ಫೈಲಿನ ಮುಕ್ತಾಯ. ಒಂದು ಬೈಟಿಗೆ ಎರಡು ಅಕ್ಷರ, ಜೊತೆಗೆ ಪ್ರತಿ ಸಾಲಿಗೂ ವಿಳಾಸ, ಚೆಕ್‌ಸಮ್ ಬೇಕಾದ್ದರಿಂದ ಹೆಕ್ಸ್ ಫೈಲ್ ನಿಜವಾದ ಪ್ರೋಗ್ರಾಮಿನ ಸುಮಾರು ಎರಡೂಮುಕ್ಕಾಲು ಪಟ್ಟಿನಷ್ಟು ಊದಿಕೊಂಡಿರುತ್ತದೆ. ಗಾತ್ರ ನೋಡಿ ‘ಇದು ಚಿಪ್ಪಿನಲ್ಲಿ ಹಿಡಿಯುವುದಿಲ್ಲ’ ಎಂದು ಗಾಬರಿಯಾಗಬೇಡಿ.

ಆದರೆ ಚೆಕ್‌ಸಮ್ಮಿನ ಮಿತಿ ತಿಳಿದಿರಲಿ. ಅದು ಒಂದು ಸಾಲಿನೊಳಗಿನ ತಪ್ಪನ್ನಷ್ಟೇ ಹಿಡಿಯುತ್ತದೆ. ಎರಡು ಬೈಟ್ ಅದಲುಬದಲಾದರೆ ಮೊತ್ತ ಬದಲಾಗದು, ತಪ್ಪು ದಾಟಿ ಹೋಗುತ್ತದೆ. ನಡುವಿನ ಮಾಹಿತಿ ಸಾಲೇ ಮಾಯವಾದರೂ ಉಳಿದ ಸಾಲುಗಳ ಲೆಕ್ಕ ಸರಿಯಾಗಿಯೇ ಇರುತ್ತದೆ. ಇಳಿಸಿದ ಮೇಲೆ ಮಾಡುವ ‘ವೆರಿಫೈ’ ಕೂಡ ಚಿಪ್ಪನ್ನು ಅದೇ ಹರಕು ಫೈಲಿನೊಂದಿಗೆ ಹೋಲಿಸಿ ‘ಪಾಸ್’ ಎನ್ನುತ್ತದೆ. ಹಾಗಾಗಿ ಇಡೀ ಫೈಲಿನ ಗುರುತೊಂದು, ಸಿಆರ್‌ಸಿ ಅಥವಾ ಎಸ್‌ಎಚ್‌ಎ-256, ಪ್ರತ್ಯೇಕವಾಗಿ ಬರೆದಿಟ್ಟು ದಿನವೂ ತಾಳೆ ನೋಡಬೇಕು.

ಮೋಟೊರೊಲಾ ಕಂಪನಿಯ ಎಸ್-ರೆಕಾರ್ಡ್ ಅದೇ ದಶಕದ್ದು, ಅದೇ ಬಗೆಯದು. ಸಾಲು ಎಸ್ ಅಕ್ಷರದಿಂದ ಶುರುವಾಗುತ್ತದೆ. ಎಸ್0 ಸಾಲಿನಲ್ಲಿ ಫೈಲಿನ ಹೆಸರು ಇಡಬಹುದು, ಎಸ್5 ಸಾಲಿನಲ್ಲಿ ಒಟ್ಟು ಎಷ್ಟು ಮಾಹಿತಿ ಸಾಲು ಎಂಬ ಎಣಿಕೆ ಇಡಬಹುದು. ನಿಮ್ಮ ಪ್ರೋಗ್ರಾಮರ್ ಅದನ್ನೇ ಕೇಳಿದರೆ ಸಂಕೋಚವಿಲ್ಲದೆ ಕೊಡಿ.

ಬಿನ್: ಬರಿ ಬೈಟ್‌ಗಳು

ಬಿನ್ ಫೈಲಿನಲ್ಲಿ ವಿಳಾಸವಿಲ್ಲ, ಚೆಕ್‌ಸಮ್ ಇಲ್ಲ, ಬೈಟ್‌ಗಳ ಸಾಲು ಮಾತ್ರ. ಚೀಟಿಯಿಲ್ಲದೆ ಕಾರ್ಖಾನೆಯ ಕಾಟಾಕ್ಕೆ ಬಂದ ಕಬ್ಬಿನ ಗಾಡಿ ಅದು. ಮಾಲು ಚೆನ್ನಾಗಿಯೇ ಇದೆ, ಯಾರ ಲೆಕ್ಕಕ್ಕೆ ಹಾಕಬೇಕೆಂದು ಬಾಯಲ್ಲಿ ಹೇಳಬೇಕು. ಎಸ್‌ಟಿಎಂ32 ಚಿಪ್ಪಿನ ಫ್ಲ್ಯಾಶ್ ಹದಿನಾರರ ಲೆಕ್ಕದಲ್ಲಿ 08000000ರಿಂದ ಆರಂಭ. ಇಳಿಸುವವರು ಈ ಅಂಕಿಯಲ್ಲಿ ಒಂದು ಸೊನ್ನೆ ಬಿಟ್ಟರೆ ಕೆಲಸ ಕೆಟ್ಟಿತು.

ಇನ್ನೊಂದು ತೊಡಕು ಖಾಲಿ ಜಾಗದ್ದು. ಬಿನ್ನಿನಲ್ಲಿ ವಿಳಾಸವಿಲ್ಲದ ಕಾರಣ ದೂರದ ಎರಡು ತುಣುಕುಗಳ ನಡುವಿನ ಜಾಗವನ್ನೆಲ್ಲ ತುಂಬಿಯೇ ತೋರಿಸಬೇಕು. ಎಸ್‌ಟಿಎಂ32ಎಫ್1 ಚಿಪ್ಪಿನಲ್ಲಿ ಪ್ರೋಗ್ರಾಮಿನ ಜೊತೆ, ಬಹು ದೂರದ ವಿಳಾಸದಲ್ಲಿರುವ ಆಪ್ಷನ್ ಬೈಟ್‌ಗಳೆಂಬ ಸೆಟ್ಟಿಂಗ್‌ಗಳನ್ನೂ ಸೇರಿಸಿ ಬಿನ್ ತೆಗೆದರೆ 64 ಕೆಬಿಯ ಚಿಪ್ಪಿಗೆ ಸುಮಾರು 384 ಎಂಬಿಯ ಫೈಲ್ ಹುಟ್ಟುತ್ತದೆ! ಹೆಕ್ಸ್ ಆದರೆ ಒಂದೆರಡು ಸಾಲು ಹೆಚ್ಚಾಗುತ್ತದೆ, ಅಷ್ಟೇ. ಬಿನ್ ಒಪ್ಪುವ ಜಾಗವೂ ಇದೆ. ಮೊಬೈಲ್ ಜಾಲದ ಮೂಲಕ ಹೊಲದಲ್ಲಿರುವ ಸ್ಟಾರ್ಟರಿಗೆ ಹೊಸ ಫರ್ಮ್‌ವೇರ್ ಕಳಿಸುವಾಗ ಗಾತ್ರ ಚಿಕ್ಕದಿರಬೇಕು. ವಿಳಾಸ ಚಿಪ್ಪಿನೊಳಗೇ ಇದ್ದು ಹೊಸ ಪ್ರೋಗ್ರಾಂ ಬರೆದುಕೊಳ್ಳುವ ಬೂಟ್‌ಲೋಡರಿಗೆ ಮೊದಲೇ ಗೊತ್ತಿರುತ್ತದೆ.

ಎಲ್ಫ್, ಯುಎಫ್2

ಜಿಸಿಸಿಯಂಥ ಕಂಪೈಲರ್ ಬಳಸುವವರಿಗೆ ಮೊದಲು ಸಿಗುವುದು ಎಲ್ಫ್. ಹೆಕ್ಸ್, ಬಿನ್ ಎರಡನ್ನೂ ಆಬ್ಜ್‌ಕಾಪಿ ಎಂಬ ಸಾಧನ ಅದರಿಂದ ತೆಗೆದುಕೊಡುತ್ತದೆ. ಎಲ್ಫ್‌ನಲ್ಲಿ ವಿಳಾಸವಷ್ಟೇ ಅಲ್ಲ, ಫಂಕ್ಷನ್‌ಗಳ ಹೆಸರು, ದೋಷ ಹುಡುಕಲು ಬೇಕಾದ ಮಾಹಿತಿ ಎಲ್ಲ ಇರುತ್ತದೆ. ಅದಕ್ಕೇ ಅದನ್ನು ಹೊರಗಿನವರ ಕೈಗೆ ಕೊಡುವಾಗ ಎಚ್ಚರ ಬೇಕು. ಹಾಗೆಂದು ಅಳಿಸಬೇಡಿ. ಮುಂದೊಂದು ದಿನ ಕೆಟ್ಟು ಬಂದ ಬೋರ್ಡನ್ನು ಪರೀಕ್ಷಿಸಲು ಅದೇ ಆವೃತ್ತಿಯ ಎಲ್ಫ್ ಬೇಕಾಗುತ್ತದೆ. ಪ್ರತಿ ಬಿಡುಗಡೆಯ ಎಲ್ಫ್ ನಿಮ್ಮ ಬಳಿ ಜೋಪಾನವಾಗಿರಲಿ.

ಮೈಕ್ರೋಸಾಫ್ಟ್ ರೂಪಿಸಿದ ಯುಎಫ್2 ಹೊಸ ಕಾಲದ್ದು. 512 ಬೈಟಿನ ತುಂಡುಗಳು, ಪ್ರತಿ ತುಂಡಿಗೂ ತನ್ನ ವಿಳಾಸ. 2021ರಲ್ಲಿ ಬಂದ ರಾಸ್ಪ್‌ಬೆರಿ ಪೈ ಪಿಕೊ ಬೋರ್ಡನ್ನು ಅದರ ಬೂಟ್‌ಸೆಲ್ ಗುಂಡಿ ಒತ್ತಿಹಿಡಿದು ಕಂಪ್ಯೂಟರಿಗೆ ಚುಚ್ಚಿದರೆ ಪೆನ್‌ಡ್ರೈವ್‌ನಂತೆ ಕಾಣಿಸುತ್ತದೆ. ಯುಎಫ್2 ಫೈಲನ್ನು ಅದರಲ್ಲಿ ಹಾಕಿದರೆ ಕೆಲಸ ಮುಗಿಯಿತು. ಪ್ರೋಗ್ರಾಮರ್ ಇಲ್ಲದ ರಿಪೇರಿ ಅಂಗಡಿಯವರಿಗೆ ಕಳಿಸಲು ಇದು ಹೇಳಿ ಮಾಡಿಸಿದಂತಿದೆ.

ಫೈಲಿನ ಹೊರಗೆ ಉಳಿಯುವವು

ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿ. ಎವಿಆರ್ ಚಿಪ್ಪಿನಲ್ಲಿ ಪ್ರೋಗ್ರಾಂ ಒಂದು ಹೆಕ್ಸ್ ಫೈಲಿನಲ್ಲಿ, ಈಪ್ರಾಂ ಎಂಬ ಪ್ರತ್ಯೇಕ ಮೆಮೊರಿಗೆ ಹೋಗುವ ಸೆಟ್ಟಿಂಗ್‌ಗಳು ಇನ್ನೊಂದರಲ್ಲಿ ಇರುವುದು ರೂಢಿ. ಎರಡಕ್ಕೂ ವಿಳಾಸ ಸೊನ್ನೆಯಿಂದಲೇ ಶುರು! ಒಂದರ ಜಾಗದಲ್ಲಿ ಇನ್ನೊಂದನ್ನು ಕೊಟ್ಟರೆ ಚೆಕ್‌ಸಮ್ ತಕರಾರು ಮಾಡುವುದಿಲ್ಲ. ಕ್ಲಾಕ್ ಎಲ್ಲಿಂದ, ವೋಲ್ಟೇಜ್ ಎಷ್ಟಕ್ಕೆ ಕುಸಿದರೆ ರೀಸೆಟ್ ಎಂದು ಹೇಳುವ, ಫ್ಯೂಸ್ ಎಂಬ ಬಿಟ್‌ಗಳು ಸಾಮಾನ್ಯವಾಗಿ ಎರಡರಲ್ಲೂ ಇರುವುದಿಲ್ಲ. ಅವನ್ನೆಲ್ಲ ಬೇರೆ ಬೇರೆ ವಿಳಾಸದಲ್ಲಿಟ್ಟು ಒಂದೇ ಎಲ್ಫ್ ಫೈಲಿನಲ್ಲಿ ಸೇರಿಸುವ ವ್ಯವಸ್ಥೆ ಎವಿಆರ್‌ಗೆ ಉಂಟು. ಪಿಐಸಿ ಚಿಪ್ಪುಗಳಲ್ಲಿ ಇದೇ ಬಗೆಯ ಕಾನ್ಫಿಗರೇಷನ್ ಬಿಟ್‌ಗಳು ಪ್ರೋಗ್ರಾಮಿನ ಹೆಕ್ಸ್ ಒಳಗೇ ಬರುತ್ತವೆ.

ಪ್ರತಿ ಬೋರ್ಡಿಗೂ ಬೇರೆಯಾದ ಸೀರಿಯಲ್ ನಂಬರ್ ಯಾವ ಫೈಲಿನಲ್ಲೂ ಹಿಡಿಯದು. ಪ್ರೋಗ್ರಾಂ ಬರೆದವರು ಅದಕ್ಕೊಂದು ವಿಳಾಸ ಮೀಸಲಿಡಬೇಕು. ಪ್ರೋಗ್ರಾಮರ್ ಆ ಜಾಗದಲ್ಲಿ ನಂಬರ್ ಏರಿಸುತ್ತ ಬರೆಯುತ್ತದೆ. ಫರ್ಮ್‌ವೇರ್ ತನ್ನನ್ನು ತಾನೇ ಸಿಆರ್‌ಸಿಯಿಂದ ಪರೀಕ್ಷಿಸಿಕೊಳ್ಳುವುದಾದರೆ ಆ ಜಾಗ ಲೆಕ್ಕದ ಹೊರಗಿರಲಿ. ಇಲ್ಲವಾದರೆ ಒಳ್ಳೆಯ ಬೋರ್ಡೂ ತಾನು ಕೆಟ್ಟಿದ್ದೇನೆಂದು ಭಾವಿಸೀತು.

ಕ್ರಮವೂ ಮುಖ್ಯ: ಅಳಿಸು, ಬರೆ, ತಾಳೆ ನೋಡು, ಕೊನೆಗೆ ಲಾಕ್ ಮಾಡು. ಮೊದಲೇ ಲಾಕ್ ಮಾಡಿದರೆ ಚಿಪ್ಪನ್ನು ಓದಿ ತಾಳೆ ನೋಡಲಾಗದು. ಅಳಿಸಿ ತಿದ್ದುವ ಅವಕಾಶವೇ ಇಲ್ಲದ ಚಿಪ್ಪುಗಳೂ ಇವೆ. ನಮ್ಮ ಮತಯಂತ್ರಗಳನ್ನು ತಯಾರಿಸುವವರು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಇಸಿಐಎಲ್. ಅವುಗಳ ಪ್ರೋಗ್ರಾಂ ಒಮ್ಮೆ ಮಾತ್ರ ಬರೆಯಬಹುದಾದ ಚಿಪ್ಪಿನಲ್ಲಿದೆ ಎಂದು ಚುನಾವಣಾ ಆಯೋಗ ಹೇಳುತ್ತದೆ. ಅಂಥ ಚಿಪ್ಪಿಗೆ ತಪ್ಪು ಫೈಲ್ ಹೋದರೆ ಅದು ಕಸದ ಬುಟ್ಟಿಗೇ. ಎಲ್ಲ ಪರೀಕ್ಷೆ ಬರೆಯುವ ಮೊದಲೇ ಮುಗಿದಿರಬೇಕು. ಅಳಿಸಬಹುದಾದ ಚಿಪ್ಪು ಬಳಸುವವರಿಗೂ ಆ ಶಿಸ್ತು ಲಾಭವೇ.

ಹಾಗಾದರೆ ಆಯ್ಕೆ?

ನಮ್ಮ ಸ್ಟಾರ್ಟರ್ ತಂಡಕ್ಕೆ ನನ್ನ ಸಲಹೆ ಇದು. ಉತ್ಪಾದನೆಯ ಮೇಜಿಗೆ ಹೆಕ್ಸ್ ಕೊಡಿ: ವಿಳಾಸ ಅದರಲ್ಲೇ ಇದೆ, ಹೆಚ್ಚುಕಡಿಮೆ ಎಲ್ಲ ಪ್ರೋಗ್ರಾಮರ್‌ಗಳೂ ಓದುತ್ತವೆ. ದೂರದಿಂದ ಅಪ್‌ಡೇಟ್ ಮಾಡಲು ಬಿನ್. ಕಪಾಟಿನಲ್ಲಿ ಎಲ್ಫ್. ಫೈಲಿನ ಹೆಸರಿನಲ್ಲೇ ಬೋರ್ಡಿನ ಹೆಸರು, ಆವೃತ್ತಿ, ತಾರೀಖು ಇರಲಿ. ‘ಹೊಸದು’, ‘ಹೊಸದು-2’, ‘ಫೈನಲ್’ ಎಂಬ ಹೆಸರುಗಳು ಬೇಡವೇ ಬೇಡ. ಜೊತೆಗೊಂದು ಹಾಳೆ: ಚಿಪ್ಪಿನ ಪೂರ್ತಿ ನಂಬರ್, ಫ್ಯೂಸ್‌ಗಳ ಮೌಲ್ಯ, ಈಪ್ರಾಂ ಫೈಲಿನ ಹೆಸರು, ಸೀರಿಯಲ್ ನಂಬರಿನ ವಿಳಾಸ, ಇಡೀ ಫೈಲಿನ ಸಿಆರ್‌ಸಿ.

ಆಯ್ಕೆ ಸರಿಯೇ ಎಂದು ತಿಳಿಯಲು ಫೈಲನ್ನೂ ಹಾಳೆಯನ್ನೂ ಪ್ರೋಗ್ರಾಂ ಬರೆಯದ ಒಬ್ಬರ ಕೈಗೆ ಕೊಟ್ಟು ಒಂದು ಬೋರ್ಡಿಗೆ ಇಳಿಸಲು ಹೇಳಿ, ನೀವು ಮಾತಾಡದೆ ಪಕ್ಕದಲ್ಲಿ ನಿಲ್ಲಿ. ಅವರು ಏನನ್ನಾದರೂ ಕೇಳಿದರೆ ಬಾಯಲ್ಲಿ ಉತ್ತರಿಸಬೇಡಿ. ಆ ಉತ್ತರವನ್ನು ಫೈಲಿನಲ್ಲೋ ಹಾಳೆಯಲ್ಲೋ ಸೇರಿಸಿ, ಇನ್ನೊಬ್ಬರನ್ನು ಕರೆಯಿರಿ. ಪ್ರಶ್ನೆ ನಿಂತ ದಿನ ಉತ್ಪಾದನೆ ಶುರುಮಾಡಿ.