ನಲ್ಲಿ ಸಂಪರ್ಕದಲ್ಲಿ ಮುರಿದು ಉಳಿದ ಪೈಪಿನ ತುದಿಯನ್ನು ತೆಗೆಯುವ ಕ್ರಮ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

1. ವಿಷಯದ ಮಹತ್ವ

ಹಳೆಯ ನಲ್ಲಿಯನ್ನು ಬದಲಾಯಿಸುವಾಗ ಜಿ.ಐ. ಪೈಪಿನ ತುಕ್ಕು ಹಿಡಿದ ತುದಿ ಮುರಿದು, ಥ್ರೆಡ್ ಇರುವ ಭಾಗವು ಎಲ್ಬೋ ಅಥವಾ ಸಾಕೆಟ್ಟಿನೊಳಗೆ ಉಳಿದುಬಿಡುವುದುಂಟು. ಆಗ ಗೋಡೆಯನ್ನೇ ಒಡೆಯುವುದು ಅನಗತ್ಯ ವೆಚ್ಚ. ರಬ್ಬರ್ ಸುತ್ತಿ ಹಾಗೆಯೇ ಬಿಡುವುದು ಅಪಾಯ. ನಿಮಿಷಕ್ಕೆ ಒಂದು ಲೀಟರ್ ಸೋರಿದರೆ ಮೂರು ಗಂಟೆಗಳ ಸರಬರಾಜಿನಲ್ಲಿ 180 ಲೀಟರ್ ನೀರು ವ್ಯರ್ಥವಾಗುತ್ತದೆ. ಜಲ ಜೀವನ್ ಮಿಷನ್ ನಿಗದಿಪಡಿಸಿರುವ ತಲಾ 55 ಲೀಟರ್ ಪ್ರಮಾಣದಲ್ಲಿ ಇದು ಮೂವರ ಒಂದು ದಿನದ ಪಾಲಿಗಿಂತ ಹೆಚ್ಚು. ಮೇಲಾಗಿ, ಸರಬರಾಜು ನಿಂತು ಒತ್ತಡ ಇಳಿದಾಗ ಸೋರುವ ಜಾಗದಿಂದಲೇ ಕೊಳೆನೀರು ಕೊಳವೆಯನ್ನು ಸೇರಬಹುದು. ಸೋರಿಕೆ ಒಂದು ಮನೆಯದಾದರೂ ಕಾಯಿಲೆ ಇಡೀ ಬೀದಿಯದಾಗುತ್ತದೆ.

2. ತುದಿ ಮುರಿಯಲು ಕಾರಣ

ಥ್ರೆಡ್ ಕೊರೆದಲ್ಲಿ ಪೈಪಿನ ದಪ್ಪ ಕಡಿಮೆಯಾಗುತ್ತದೆ. ತುಕ್ಕನ್ನು ತಡೆಯುವ ಸತುವಿನ ಲೇಪವೂ ಹೋಗುತ್ತದೆ. ಹಿತ್ತಾಳೆಯ ನಲ್ಲಿ ನೇರವಾಗಿ ಕಬ್ಬಿಣಕ್ಕೆ ಸೇರಿದಲ್ಲಿ ತುಕ್ಕು ಇನ್ನೂ ಬೇಗ ಹಿಡಿಯುತ್ತದೆ. ಇಂತಹ ತುದಿಗೆ ಬಲ ಹಾಕಿದರೆ ತಿರುಗುವ ಬದಲು ಮುರಿಯುತ್ತದೆ.

3. ತೆಗೆಯುವ ಕ್ರಮ

ಅ) ವಾಲ್ವ್ ಮುಚ್ಚಿ, ಕೊಳವೆಯಲ್ಲಿ ಉಳಿದ ನೀರನ್ನು ಹೊರಬಿಡಬೇಕು.

ಆ) ತುಕ್ಕು ಸಡಿಲಿಸುವ ಎಣ್ಣೆಯನ್ನು ಸ್ವಲ್ಪವೇ ಹಾಕಿ ಕೆಲಕಾಲ ಕಾಯಬೇಕು. ಕಬ್ಬಿಣದ ಸಾಕೆಟ್ಟಾದರೆ ಸುತ್ತಲೂ ಹಗುರವಾಗಿ ತಟ್ಟಬಹುದು.

ಇ) ಒಂದು ರೆಂಚಿನಿಂದ ಸಾಕೆಟ್ಟನ್ನು ಭದ್ರವಾಗಿ ಹಿಡಿದಿರಬೇಕು. ಇಲ್ಲವಾದರೆ ಬಲವು ಗೋಡೆಯೊಳಗಿನ ಪೈಪಿಗೆ ತಗಲಿ ಮತ್ತೊಂದು ಜೋಡಣೆ ಸಡಿಲವಾದೀತು.

ಈ) ಪೈಪಿನ ಒಳಅಳತೆಗೆ ಸರಿಯಾದ ಎಕ್ಸ್‌ಟ್ರ್ಯಾಕ್ಟರನ್ನು ತುಂಡಿನೊಳಗೆ ಕೂರಿಸಿ, ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ನಿಧಾನವಾಗಿ ತಿರುಗಿಸಬೇಕು.

ಉ) ಅದು ಇಲ್ಲದಿದ್ದಲ್ಲಿ ಹ್ಯಾಕ್‌ಸಾ ಬ್ಲೇಡಿನ ಒಂದು ತುದಿಗೆ ದಪ್ಪ ಬಟ್ಟೆ ಸುತ್ತಿ ಹಿಡಿದು, ತುಂಡಿನ ಒಳಗಿನಿಂದ ಉದ್ದಕ್ಕೆ ಎರಡು ಸೀಳು ಹಾಕಬೇಕು. ಸಾಕೆಟ್ಟಿನ ಥ್ರೆಡ್ ಕಾಣುವ ಮುನ್ನವೇ ನಿಲ್ಲಿಸಬೇಕು. ಬಳಿಕ ಸಣ್ಣ ಉಳಿಯಿಂದ ಸೀಳುಗಳ ನಡುವಿನ ಪಟ್ಟಿಯನ್ನು ಒಳಮುಖವಾಗಿ ಮಡಿಚಿದರೆ ತುಂಡು ಸಡಿಲವಾಗಿ ಹೊರಬರುತ್ತದೆ.

ಊ) ಬೆಂಕಿಯಿಂದ ಕಾಯಿಸಬಾರದು. ಸತುವಿನ ಹೊಗೆ ಹಾನಿಕರ, ಸಮೀಪದ ಪಿ.ವಿ.ಸಿ. ಪೈಪ್ ಸಹ ಕರಗುತ್ತದೆ.

ಋ) ಎಣ್ಣೆ, ತುಕ್ಕು ಮತ್ತು ಲೋಹದ ಪುಡಿಯನ್ನು ಒರೆಸಿ, ಥ್ರೆಡ್ ಪರಿಶೀಲಿಸಬೇಕು. ಥ್ರೆಡ್ ಕೆಟ್ಟಿದ್ದರೆ ಸಾಕೆಟ್ಟನ್ನೇ ಬದಲಿಸುವುದು ಸೂಕ್ತ. ಹೊಸ ನಿಪ್ಪಲ್ಲಿಗೆ ತಿರುಗಿಸುವ ದಿಕ್ಕಿನಲ್ಲೇ ಟೆಫ್ಲಾನ್ ಟೇಪ್ ಸುತ್ತಿ ಜೋಡಿಸಬೇಕು. ಮೊದಲು ಬರುವ ನೀರನ್ನು ಎಣ್ಣೆಯ ವಾಸನೆ ಹೋಗುವವರೆಗೆ ಹೊರಚೆಲ್ಲಬೇಕು. ಅದನ್ನು ಕುಡಿಯಲು ಬಳಸಬಾರದು.

4. ಸದಸ್ಯರ ಪಾತ್ರ

ಈ ಕೆಲಸವನ್ನು ಸದಸ್ಯರು ತಾವೇ ಮಾಡಬೇಕೆಂದಿಲ್ಲ. ಕ್ರಮ ತಿಳಿದಿದ್ದರೆ ಅನಗತ್ಯ ಅಗೆತ ಹಾಗೂ ಖರ್ಚಿನ ಬೇಡಿಕೆಯನ್ನು ಪ್ರಶ್ನಿಸಬಹುದು. ಅರ್ಧ ಮತ್ತು ಮುಕ್ಕಾಲು ಇಂಚಿನ ಎಕ್ಸ್‌ಟ್ರ್ಯಾಕ್ಟರ್ ಹಾಗೂ ಎರಡು ಪೈಪ್ ರೆಂಚುಗಳು ಪಂಚಾಯಿತಿಯಲ್ಲಿದ್ದರೆ ಹಲವು ಮನೆಗಳಿಗೆ ಒದಗುತ್ತವೆ. ತಮ್ಮ ವಾರ್ಡಿನಲ್ಲಿ ರಬ್ಬರ್ ಸುತ್ತಿಟ್ಟಿರುವ ನಲ್ಲಿಗಳನ್ನು ಪಟ್ಟಿ ಮಾಡಿ, ಚರಂಡಿಯ ಪಕ್ಕದಲ್ಲಿರುವವನ್ನು ಮೊದಲು ಸರಿಪಡಿಸುವಂತೆ ವಾಟರ್‌ಮ್ಯಾನ್‌ಗೆ ಸೂಚಿಸಲು ಹಾಗೂ ವಿಷಯವನ್ನು ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯ ಗಮನಕ್ಕೆ ತರಲು ಸದಸ್ಯರನ್ನು ಕೋರಲಾಗಿದೆ.