ಲೀಸ್ ವಿಸ್ತರಣೆ: ಕಾಯುವುದಕ್ಕೂ ಬೆಲೆಯಿದೆ

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಫ್ಲಾಟ್ ಕೊಳ್ಳುವವರಲ್ಲಿ ಹೆಚ್ಚಿನವರಿಗೆ ದೊರೆಯುವುದು ಶಾಶ್ವತ ಒಡೆತನವಲ್ಲ, ನಿಗದಿತ ವರ್ಷಗಳ ಅನುಭೋಗದ ಹಕ್ಕು ಮಾತ್ರ. ಈ ಹಕ್ಕನ್ನು ಲೀಸ್‌ಹೋಲ್ಡ್ ಎಂದೂ, ನೆಲ ಮತ್ತು ಕಟ್ಟಡದ ಮೂಲ ಒಡೆತನವನ್ನು ಫ್ರೀಹೋಲ್ಡ್ ಎಂದೂ ಕರೆಯಲಾಗುತ್ತದೆ. ಅವಧಿ ತೀರಿದಾಗ ಫ್ಲಾಟ್ ಫ್ರೀಹೋಲ್ಡರಿಗೆ ಮರಳುವುದರಿಂದ, ವರ್ಷಗಳು ಕಳೆದಂತೆ ಲೀಸಿನ ಬೆಲೆ ಕರಗುತ್ತದೆ ಮತ್ತು ಅದರ ಮೇಲೆ ಸಾಲ ಕೊಡಲು ಬ್ಯಾಂಕುಗಳು ಹಿಂಜರಿಯುತ್ತವೆ. 1993ರ ಕಾಯ್ದೆಯ ಪ್ರಕಾರ ಲೀಸ್‌ದಾರರು ಪ್ರೀಮಿಯಂ ಎಂಬ ಒಂದು ಬಾರಿಯ ಮೊತ್ತ ಕೊಟ್ಟು, ಉಳಿದ ಅವಧಿಗೆ 90 ವರ್ಷ ಸೇರಿಸಿಕೊಳ್ಳಬಹುದು ಮತ್ತು ನೆಲಬಾಡಿಗೆಯನ್ನು, ಅಂದರೆ ಗ್ರೌಂಡ್ ರೆಂಟನ್ನು, ಸೊನ್ನೆಗೆ ಇಳಿಸಿಕೊಳ್ಳಬಹುದು.

ಈ ಅಂಕಣಕ್ಕೆ ಪ್ರೇರಣೆಯಾದುದು ಅಂಕಣಕಾರನ ಸ್ವಂತ ಫ್ಲಾಟಿನ ಬಗೆಗಿನ ನಿರ್ಧಾರ: 2024ರ ಸುಧಾರಣಾ ಕಾಯ್ದೆ ಅಂಗೀಕಾರವಾದ ಮೇಲೂ ಅದರ ಲಾಭಕ್ಕೆ ಕಾಯದೆ, ಲೀಸಿನಲ್ಲಿ 81 ವರ್ಷ ಉಳಿದಿರುವಾಗಲೇ ಹಳೆಯ ನಿಯಮದಡಿ ನೋಟಿಸ್ ಕೊಡಲಾಯಿತು. ಸರ್ವೇಯರ್ ಮತ್ತು ವಕೀಲರ ಶುಲ್ಕದ ಜೊತೆಗೆ ಫ್ರೀಹೋಲ್ಡರ್ ಕಡೆಯ ನ್ಯಾಯೋಚಿತ ವೆಚ್ಚವನ್ನೂ ಲೀಸ್‌ದಾರನೇ ಭರಿಸಬೇಕಾದುದರಿಂದ ಇದು ಅಗ್ಗದ ಆಯ್ಕೆಯಾಗಿರಲಿಲ್ಲ. ಆದರೂ ಅದರ ಸಮರ್ಥನೆ ಲೆಕ್ಕದಲ್ಲಿಯೇ ಇದೆ.

ವಿಸ್ತೃತ ಲೀಸಿನಲ್ಲಿ 3,00,000 ಪೌಂಡ್ ಬೆಲೆಬಾಳುವ, ವರ್ಷಕ್ಕೆ 100 ಪೌಂಡ್ ಸ್ಥಿರ ನೆಲಬಾಡಿಗೆಯಿರುವ ಒಂದು ಮಾದರಿ ಫ್ಲಾಟನ್ನು ಪರಿಗಣಿಸಬಹುದು. ಮುಂದೆ ಮರಳುವ ಆಸ್ತಿಯನ್ನು ಇಂದಿನ ಬೆಲೆಗೆ ಇಳಿಸುವ ದರದ ಬಗೆಗಿನ ಸ್ಪೋರ್ಟೆಲ್ಲಿ ಎಂಬ ಪ್ರಕರಣದ ತೀರ್ಪಿನ ನಂತರ ಫ್ಲಾಟುಗಳಿಗೆ ರೂಢಿಯಾಗಿರುವ ಶೇ 5ರ ದರದಲ್ಲಿ, 81 ವರ್ಷಗಳ ಬಳಿಕ ಫ್ರೀಹೋಲ್ಡರಿಗೆ ಮರಳಲಿರುವ ಈ ಆಸ್ತಿಯ ಇಂದಿನ ಮೌಲ್ಯ ಸುಮಾರು 5,765 ಪೌಂಡ್ ಆಗುತ್ತದೆ. ವಿಸ್ತರಣೆಯಿಂದ ಆ ದಿನ 171 ವರ್ಷಗಳ ದೂರಕ್ಕೆ ಸರಿದಾಗ ಅದು ಸುಮಾರು 70 ಪೌಂಡಿಗೆ ಕುಸಿಯುತ್ತದೆ. ಈ ನಷ್ಟಕ್ಕೆ, ಕೈತಪ್ಪುವ ನೆಲಬಾಡಿಗೆಯ ಇಂದಿನ ಮೌಲ್ಯವನ್ನು ಶೇ 7ರ ದರದಲ್ಲಿ ಸುಮಾರು 1,420 ಪೌಂಡ್ ಎಂದು ಹಿಡಿದು ಸೇರಿಸಿದರೆ, ಪ್ರೀಮಿಯಂ 7,100 ಪೌಂಡಿನ ಆಸುಪಾಸಿನಲ್ಲಿರುತ್ತದೆ. ಅದೇ ಫ್ಲಾಟಿಗೆ 78 ವರ್ಷ ಉಳಿದಿದ್ದರೆ ಈ ಎರಡು ಬಾಬ್ತುಗಳು ಸೇರಿ ಸುಮಾರು 8,000 ಪೌಂಡಿಗೆ ಏರುತ್ತವೆ, ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಉಳಿದ ಅವಧಿ 80 ವರ್ಷವನ್ನು ಮೀರಿಲ್ಲದಿದ್ದರೆ, ವಿಸ್ತರಣೆಯಿಂದ ಉಭಯರ ಹಕ್ಕುಗಳ ಒಟ್ಟು ಬೆಲೆಯಲ್ಲಿ ಆಗುವ ಹೆಚ್ಚಳದ ಅರ್ಧವನ್ನೂ ಫ್ರೀಹೋಲ್ಡರಿಗೆ ಕೊಡಬೇಕು. ಈ ಹೆಚ್ಚಳಕ್ಕೆ ಮ್ಯಾರೇಜ್ ವ್ಯಾಲ್ಯೂ ಎಂದು ಹೆಸರು. 78 ವರ್ಷದ ಲೀಸಿಗೆ ಪೂರ್ಣ ಬೆಲೆಯ ಶೇ 94, ಅಂದರೆ 2,82,000 ಪೌಂಡ್ ಸಿಗುತ್ತದೆಂದು ಭಾವಿಸಿದರೆ, ಅದಕ್ಕೆ ಫ್ರೀಹೋಲ್ಡರಿನ ಹಕ್ಕಿನ ಸುಮಾರು 8,100 ಪೌಂಡ್ ಕೂಡಿ 2,90,100 ಪೌಂಡ್ ಆಗುತ್ತದೆ. ವಿಸ್ತರಣೆಯ ನಂತರದ 3,00,000 ಪೌಂಡಿಗೆ ಹೋಲಿಸಿದರೆ ಹೆಚ್ಚಳ ಸುಮಾರು 10,000, ಅದರ ಅರ್ಧ 5,000, ಹಾಗಾಗಿ ಒಟ್ಟು ಪ್ರೀಮಿಯಂ ಸುಮಾರು 13,000 ಪೌಂಡ್. ಮೂರು ವರ್ಷದ ವಿಳಂಬಕ್ಕೆ ತೆರಬೇಕಾದ ಹೆಚ್ಚುವರಿ ಮೊತ್ತ ಸುಮಾರು 5,900 ಪೌಂಡ್.

2024ರ ಕಾಯ್ದೆ ಮ್ಯಾರೇಜ್ ವ್ಯಾಲ್ಯೂವನ್ನು ರದ್ದುಗೊಳಿಸುವ ಮತ್ತು ವಿಸ್ತರಣೆಯನ್ನು 990 ವರ್ಷಕ್ಕೆ ಏರಿಸುವ ಅಂಶಗಳನ್ನು ಒಳಗೊಂಡಿದೆಯಾದರೂ, ಅವು ಅಂಗೀಕಾರದೊಂದಿಗೇ ಜಾರಿಗೆ ಬರಲಿಲ್ಲ. ವಿಸ್ತರಣೆ ಕೋರಲು ಎರಡು ವರ್ಷ ಒಡೆತನವಿರಬೇಕೆಂಬ ಷರತ್ತು 2025ರ ಜನವರಿ 31ರಿಂದ ತೆಗೆದುಹಾಕಲ್ಪಟ್ಟಿತು. ಈಗಾಗಲೇ 80ರ ಕೆಳಗಿರುವ, ಮಾರುವ ಅಥವಾ ಸಾಲ ಬದಲಿಸುವ ಉದ್ದೇಶವಿಲ್ಲದ ಲೀಸ್‌ದಾರರು ಕಾಯುವುದರಲ್ಲಿ ಅರ್ಥವಿದೆ. 81ರಲ್ಲಿರುವವರಿಗೆ ಆ ಸುಧಾರಣೆಯಿಂದ ಉಳಿಯುವುದು ಅಲ್ಪ, ತಡವಾದರೆ ಕಳೆಯುವುದು ಬಹಳ. ಮೌಲ್ಯಮಾಪನದ ದಿನಾಂಕ ನೋಟಿಸ್ ಕೊಟ್ಟ ದಿನವೇ ಆಗಿರುವುದರಿಂದ, ಮಾತುಕತೆ ತಿಂಗಳುಗಟ್ಟಲೆ ಎಳೆದರೂ ಉಳಿದ ವರ್ಷಗಳ ಲೆಕ್ಕ ಅಲ್ಲಿಗೇ ನಿಲ್ಲುತ್ತದೆ.

ಫ್ರೀಹೋಲ್ಡರುಗಳು ಕಾಯ್ದೆಯ ಹೊರಗೆ ಮುಂದಿಡುವ ಖಾಸಗಿ ಒಪ್ಪಂದಕ್ಕೆ ಇಂಥ ಯಾವ ರಕ್ಷಣೆಯೂ ಇಲ್ಲ. ಅವಧಿಯನ್ನು 99 ಅಥವಾ 125 ವರ್ಷಕ್ಕೆ ಮಾತ್ರ ಏರಿಸಿ, ಹಳೆಯ ಅವಧಿಯುದ್ದಕ್ಕೂ ಹಳೆಯ ನೆಲಬಾಡಿಗೆಯನ್ನೇ ಉಳಿಸಿಕೊಳ್ಳುವ, ಸಹಿ ಬೀಳುವವರೆಗೆ ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದಾದ ಈ ಕೊಡುಗೆಯನ್ನು ಅಗ್ಗವೆಂದು ಕರೆಯುವುದು ಪ್ರೀಮಿಯಂ ಒಂದನ್ನೇ ನೋಡುವವರ ಭ್ರಮೆ.

ಲಂಡನ್ನಿನಲ್ಲೋ ಮ್ಯಾಂಚೆಸ್ಟರಿನಲ್ಲೋ ಫ್ಲಾಟ್ ಕೊಂಡ ಕನ್ನಡಿಗ ಕುಟುಂಬಗಳು ಬಡ್ಡಿದರದ ಕಾಲು ಶೇಕಡಾ ಇಳಿಕೆಗೆ ಬ್ಯಾಂಕುಗಳಿಗೆ ಅಲೆಯುತ್ತವೆ, ಆದರೆ ಲೀಸ್ ಆರಂಭವಾದ ವರ್ಷವನ್ನು ದಾಖಲೆಯಲ್ಲಿ ಹುಡುಕುವುದು ಅಪರೂಪ. ಆ ಒಂದು ದಿನಾಂಕವನ್ನು ಕೊಳ್ಳುವ ಮೊದಲೇ ತಿಳಿದು, ಉಳಿದ ಅವಧಿ 83 ವರ್ಷಕ್ಕೆ ಇಳಿಯುವಷ್ಟರಲ್ಲಿ ಸರ್ವೇಯರರಿಂದ ಮೌಲ್ಯಮಾಪನ ಮಾಡಿಸಿಕೊಳ್ಳುವ ಶಿಸ್ತು, ಬಡ್ಡಿಯಲ್ಲಿ ಉಳಿಸಿದ ಕಾಸಿಗಿಂತ ಹೆಚ್ಚಿನದನ್ನು ಕಾಪಾಡಬಲ್ಲದು.