ಆಕಾಶದ ಸಂಚಾರಕ್ಕೊಂದು ಅಳತೆಗೋಲು

2003ರ ನವೆಂಬರ್ 27ರಂದು ಭಾರತದ ಆಕಾಶದಲ್ಲಿ ವಿಮಾನಗಳಿಗೆ ಆರು ಹೊಸ ಎತ್ತರಗಳು ದೊರೆತವು. ಅಲ್ಲಿಯವರೆಗೆ 29,000 ಅಡಿಗಿಂತ ಮೇಲೆ ಹಾರುವಾಗ ಒಂದರ ಮೇಲೊಂದು ಸಾಗುವ ಎರಡು ವಿಮಾನಗಳ ನಡುವೆ 2,000 ಅಡಿ ಅಂತರ ಇರಲೇಬೇಕಿತ್ತು. ಆ ದಿನದಿಂದ 1,000 ಅಡಿ ಸಾಕಾಯಿತು. ಬೆರಳೆಣಿಸಿ ನೋಡಿ: 29,000 ಅಡಿಯಿಂದ 41,000 ಅಡಿಯವರೆಗೆ ಮೊದಲು ಏಳು ಹಂತಗಳಿದ್ದವು, ಈಗ ಹದಿಮೂರು. ವಿಮಾನ ಸಂಚಾರ ನಿರ್ವಹಣೆಯಲ್ಲಿ ಕಳೆದ ಕೆಲವು ದಶಕಗಳಿಂದ ನಡೆದಿರುವ ದೊಡ್ಡ ಬದಲಾವಣೆ ಏನೆಂದು ಕೇಳುವ ಹೊಸಬರಿಗೆ ನಾನು ಮೊದಲು ಹೇಳುವುದು ಈ ಆರು ಎತ್ತರಗಳ ಕಥೆಯನ್ನೇ. ಇದು ಸಾಧ್ಯವಾದದ್ದು ಹೇಗೆಂದು ತಿಳಿದರೆ ಮುಂದಿನದೆಲ್ಲ ಸಲೀಸು.

ಮೊದಲಿನ 2,000 ಅಡಿಗೆ ಕಾರಣವಿತ್ತು. ವಿಮಾನದ ಆಲ್ಟಿಮೀಟರ್ ಎತ್ತರವನ್ನು ನೇರವಾಗಿ ಅಳೆಯುವುದಿಲ್ಲ. ಅದು ಹೊರಗಿನ ಗಾಳಿಯ ಒತ್ತಡವನ್ನು ಅಳೆದು ಎತ್ತರವನ್ನು ಲೆಕ್ಕ ಹಾಕುತ್ತದೆ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ, ಪ್ರತಿ ಅಡಿಗೆ ಒತ್ತಡದಲ್ಲಾಗುವ ವ್ಯತ್ಯಾಸವೂ ಚಿಕ್ಕದಾಗುತ್ತದೆ. ಹಾಗಾಗಿ ಒತ್ತಡ ಅಳೆಯುವಾಗಿನ ಒಂದು ಸಣ್ಣ ತಪ್ಪು ನೆಲದ ಹತ್ತಿರ ಕೆಲವೇ ಅಡಿಗಳ ತಪ್ಪಾಗಿದ್ದರೆ, 35,000 ಅಡಿಯಲ್ಲಿ ಅದೇ ತಪ್ಪು ಹಲವು ಪಟ್ಟು ಬೆಳೆದಿರುತ್ತದೆ. ಹಳೆಯ ಉಪಕರಣಗಳ ಕಾಲದಲ್ಲಿ ಅಂತರವನ್ನು ದುಪ್ಪಟ್ಟು ಮಾಡಿದ್ದು ವಿವೇಕದ ಕೆಲಸವೇ ಆಗಿತ್ತು. ಕಾಲಾಂತರದಲ್ಲಿ ಉಪಕರಣಗಳು ಎಷ್ಟೋ ಸುಧಾರಿಸಿದವು, ನಿಯಮ ಮಾತ್ರ ಹಾಗೆಯೇ ಉಳಿಯಿತು.

ಅದನ್ನು ಬದಲಿಸಲು ಹೊರಟವರು ಇಂಥ ಕಂಪನಿಯ, ಇಂಥ ಮಾದರಿಯ ಆಲ್ಟಿಮೀಟರ್ ಹಾಕಿಸಿ ಎಂದು ಆಜ್ಞೆ ಹೊರಡಿಸಲಿಲ್ಲ. ಎತ್ತರ ಅಳೆಯುವ ವ್ಯವಸ್ಥೆಯ ದೋಷ 245 ಅಡಿ ಮೀರಬಾರದು ಎಂದರು. ಅಂತರ ತಪ್ಪಿ ಆಗುವ ಪ್ರಾಣಾಪಾಯದ ಅಪಘಾತಗಳು 100 ಕೋಟಿ ಹಾರಾಟದ ಗಂಟೆಗಳಿಗೆ ಐದನ್ನು ದಾಟಬಾರದು ಎಂಬ ಮಿತಿ ಹಾಕಿಕೊಂಡರು. ಅನುಮತಿ ಪಡೆದ ವಿಮಾನಗಳನ್ನು ಆಗಾಗ್ಗೆ ಅಳೆದು ನೋಡುವ ಏರ್ಪಾಟು ಮಾಡಿದರು. 1997ರಲ್ಲಿ ಉತ್ತರ ಅಟ್ಲಾಂಟಿಕ್ ಸಾಗರದ ಮೇಲೆ ಶುರುವಾದ ಈ ಕ್ರಮ ಹಂತಹಂತವಾಗಿ ಲೋಕದ ತುಂಬ ಹರಡಿತು.

ಕಾರ್ಯಕ್ಷಮತೆ ಆಧಾರಿತ ಸಂಚಾರ ನಿರ್ವಹಣೆ ಎಂದರೆ ಮೂಲದಲ್ಲಿ ಇಷ್ಟೇ: ಯಾವ ಸಾಧನ ಇಟ್ಟುಕೊಳ್ಳಬೇಕು ಎಂದು ಹೇಳುವ ಬದಲು ಏನು ಸಾಧಿಸಬೇಕು ಎಂದು ಹೇಳುವುದು, ಆಮೇಲೆ ಸಾಧಿಸಿದ್ದಾರೋ ಇಲ್ಲವೋ ಎಂದು ಅಳೆಯುವುದು. ಮದುವೆಮನೆಯ ಅಡುಗೆಯವರಿಗೆ ಇಂಥ ಕೊಪ್ಪರಿಗೆಯನ್ನೇ ತನ್ನಿ, ಇಷ್ಟೇ ಒಲೆ ಹೂಡಿ ಎಂದು ಹೇಳಬಹುದು. ಇಲ್ಲವೇ ಐನೂರು ಜನ, ಹನ್ನೆರಡೂವರೆಗೆ ಮೊದಲ ಪಂಕ್ತಿ, ಕೊನೆಯ ಪಂಕ್ತಿಗೂ ಸಾರು ಬಿಸಿಯಿರಬೇಕು ಎಂದು ಹೇಳಿ ಉಳಿದದ್ದನ್ನು ಅವರಿಗೇ ಬಿಡಬಹುದು. ಎರಡನೆಯ ಬಗೆಯಲ್ಲಿ ಹೇಳಿದ ಯಜಮಾನರಿಗೆ ಒಂದು ಹೊಣೆಯೂ ಅಂಟಿಕೊಳ್ಳುತ್ತದೆ: ಕೊನೆಯ ಪಂಕ್ತಿಯಲ್ಲಿ ತಾವೇ ಕೂತು ಸಾರಿನ ಬಿಸಿ ನೋಡಬೇಕು. ಈ ಪದ್ಧತಿಯನ್ನು ಹೊಗಳುವವರು ಮೊದಲರ್ಧವನ್ನು, ಅಂದರೆ ಸ್ವಾತಂತ್ರ್ಯವನ್ನು, ಹೊಗಳುತ್ತಾರೆ. ಪ್ರಾಣ ಉಳಿಸುವುದು ಎರಡನೆಯ ಅರ್ಧ.

ಇದನ್ನು ಜಗತ್ತಿನ ಒಟ್ಟು ನೀತಿಯಾಗಿ ಮುಂದಿಟ್ಟದ್ದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಎಲ್ಲರೂ ಐಕಾವೊ ಎನ್ನುವ ಸಂಸ್ಥೆ. 1944ರ ಶಿಕಾಗೊ ಒಪ್ಪಂದದಿಂದ ಹುಟ್ಟಿದ ಅದರ ಕೇಂದ್ರ ಕಚೇರಿ ಕೆನಡಾದ ಮಾಂಟ್ರಿಯಲ್‌ನಲ್ಲಿದೆ, ಸದಸ್ಯ ರಾಷ್ಟ್ರಗಳು 193. ಅಲ್ಲಿ 2003ರಲ್ಲಿ ನಡೆದ 11ನೇ ವಾಯು ಸಂಚಾರ ಸಮ್ಮೇಳನ ಈ ಪರಿಕಲ್ಪನೆಯನ್ನು ಒಪ್ಪಿತು, 2005ರಲ್ಲಿ ಅದು ಗ್ರಂಥರೂಪದಲ್ಲಿ ಬಂತು.

ಇನ್ನು ದಾರಿಯ ವಿಚಾರ. ಹಿಂದೆ ವಿಮಾನಗಳು ನೆಲದ ಮೇಲಿನ ರೇಡಿಯೊ ಕೇಂದ್ರಗಳನ್ನು ಹಿಡಿದು ಸಾಗುತ್ತಿದ್ದವು. ವಿಒಆರ್ ಎಂಬ ಕೇಂದ್ರದ ಮೇಲೆ ಹಾದು, ಅಲ್ಲಿಂದ ಮುಂದಿನ ವಿಒಆರ್ ಕಡೆಗೆ ತಿರುಗಿ, ಹೀಗೆ. ಕೇಂದ್ರ ಎಲ್ಲಿದೆಯೋ ಅಲ್ಲಿಗೆ ದಾರಿ ಸೊಟ್ಟಗಾಗುತ್ತಿತ್ತು. ಕೇಂದ್ರದಿಂದ ದೂರ ಹೋದಷ್ಟೂ ದಿಕ್ಕಿನ ದೋಷ ಅಗಲವಾಗುತ್ತಿದ್ದರಿಂದ ದಾರಿಯ ಎರಡೂ ಬದಿಗೆ ವಿಪರೀತ ಜಾಗ ಬಿಡಬೇಕಾಗುತ್ತಿತ್ತು. ಹೊಸ ಕ್ರಮದಲ್ಲಿ ದಾರಿಗೆ ಒಂದು ಸಂಖ್ಯೆ ಇರುತ್ತದೆ. ಆರ್‌ಎನ್‌ಪಿ 10 ಎಂದರೆ ಹಾರಾಟದ ಶೇ. 95ರಷ್ಟು ಸಮಯ ವಿಮಾನ ತನ್ನ ನಡುಗೆರೆಯಿಂದ ಆಚೀಚೆ 10 ನಾಟಿಕಲ್ ಮೈಲಿಯೊಳಗೆ, ಅಂದರೆ ಸುಮಾರು 18.5 ಕಿ.ಮೀ. ಒಳಗೆ, ಇರಬೇಕು. ಸಾಗರದ ಮೇಲಕ್ಕೆ ಇದು ಸಾಕು. ವಿಮಾನ ನಿಲ್ದಾಣಕ್ಕೆ ಇಳಿಯುವ ಕಡೆಯ ಹಾದಿಯಲ್ಲಿ ಸಂಖ್ಯೆ 0.3ಕ್ಕೆ ಬರುತ್ತದೆ, ಅಂದರೆ 556 ಮೀಟರ್. ಬೆಟ್ಟಗಳ ನಡುವೆ ವಿಶೇಷ ಅನುಮತಿಯ ಮೇಲೆ 0.1ರವರೆಗೂ ಹೋಗಬಹುದು, ಅಂದರೆ 185 ಮೀಟರ್.

ಹೊಸಬರು ಇಲ್ಲಿ ಸಂಖ್ಯೆಯನ್ನಷ್ಟೇ ನೆನಪಿಟ್ಟುಕೊಂಡು ಮುಂದೆ ಹೋಗಿಬಿಡುತ್ತಾರೆ, ಸ್ವಲ್ಪ ನಿಲ್ಲಿ. 0.3, 0.1ರಂಥ ದಾರಿಗಳಲ್ಲಿ ವಿಮಾನ ಗೆರೆಯೊಳಗೆ ಇದ್ದರಷ್ಟೇ ಸಾಲದು. ತಾನು ಗೆರೆಯೊಳಗೆ ಇದ್ದೇನೆಂಬ ಖಾತರಿ ಅದಕ್ಕೇ ಇರಬೇಕು, ಆ ಖಾತರಿ ತಪ್ಪಿದ ಕೂಡಲೇ ಪೈಲಟ್‌ಗೆ ಎಚ್ಚರಿಕೆ ಕೊಡಬೇಕು. ತನ್ನ ತಪ್ಪನ್ನು ತಾನೇ ಅಂದಾಜಿಸಿ ಹೇಳುವ ಈ ಗುಣವೇ ಆರ್‌ಎನ್‌ಪಿಯ ಜೀವಾಳ. ಅಲಾಸ್ಕಾದ ರಾಜಧಾನಿ ಜೂನೋ ಊರು ಬೆಟ್ಟಗಳ ನಡುವಿನ ಇಕ್ಕಟ್ಟಾದ ಕಡಲ ಕಾಲುವೆಯ ದಡದಲ್ಲಿದೆ, ಮೋಡ ಕವಿಯುವುದು ಅಲ್ಲಿ ನಿತ್ಯದ ಮಾತು. 1996ರಲ್ಲಿ ಅಲಾಸ್ಕಾ ಏರ್‌ಲೈನ್ಸ್ ವಿಮಾನ ಈ ಬಗೆಯ ದಾರಿ ಹಿಡಿದು ಕಾಲುವೆಯ ಜಾಡಿನಲ್ಲೇ ಇಳಿದು ಬಂತು. ಬೆಟ್ಟಗಳಾಚೆಯ ಇತರ ಕಷ್ಟದ ನಿಲ್ದಾಣಗಳಿಗೆ ಅಲ್ಲಿಂದ ಧೈರ್ಯ ಬಂತು.

ಸಾಗರದ ನಡುವೆ ರೇಡಾರ್ ಇಲ್ಲ, ಕಂಟ್ರೋಲರ್ ಮತ್ತು ಪೈಲಟ್ ನಡುವೆ ಸಂದೇಶಗಳು ಉಪಗ್ರಹದ ಮೂಲಕ ಅಕ್ಷರರೂಪದಲ್ಲಿ ಹೋಗಿಬರುತ್ತವೆ. ಅಲ್ಲಿಯೂ ಅದೇ ತರ್ಕ. ಆರ್‌ಸಿಪಿ 240 ಎಂಬ ಮಾನದಂಡದ ಪ್ರಕಾರ, ಕಂಟ್ರೋಲರ್ ಒಂದು ಸೂಚನೆ ಕಳಿಸಿ ಪೈಲಟ್‌ನಿಂದ ಉತ್ತರ ಬರುವ ತನಕದ ಇಡೀ ವ್ಯವಹಾರ ಸಾವಿರಕ್ಕೆ 999 ಸಲ 240 ಸೆಕೆಂಡಿನೊಳಗೆ ಮುಗಿಯಬೇಕು. ವಿಮಾನ ತಾನೆಲ್ಲಿದ್ದೇನೆಂದು ಕಳಿಸುವ ವರದಿ 180 ಸೆಕೆಂಡಿನೊಳಗೆ ತಲುಪಬೇಕು. ಪೈಲಟ್ ಓದಿ, ಯೋಚಿಸಿ, ಗುಂಡಿ ಒತ್ತುವ ಹೊತ್ತು ಕೂಡ ಆ 240ರಲ್ಲಿ ಸೇರಿದೆ ಎಂಬುದನ್ನು ಗಮನಿಸಿ. ಅಳೆಯುತ್ತಿರುವುದು ರೇಡಿಯೊವನ್ನಲ್ಲ, ಮನುಷ್ಯರೂ ಯಂತ್ರಗಳೂ ಕೂಡಿದ ಒಂದು ಸರಪಳಿಯನ್ನು. ಈ ಲೆಕ್ಕ ಕೈಯಲ್ಲಿದ್ದರೆ ಎರಡು ವಿಮಾನಗಳನ್ನು ಎಷ್ಟು ಹತ್ತಿರ ಬಿಡಬಹುದೆಂದು ಗಣಿತದಿಂದ ತೀರ್ಮಾನಿಸಬಹುದು. ಬಂಗಾಳ ಕೊಲ್ಲಿ ಮತ್ತು ಅರಬ್ಬಿ ಸಮುದ್ರದ ಮೇಲಿನ ಇಂಥ ಅಂತರಗಳು ನಿಜಕ್ಕೂ ಪಾಲನೆಯಾಗುತ್ತಿವೆಯೇ ಎಂದು ನೋಡುವ ಕೆಲಸಕ್ಕೆ ಚೆನ್ನೈನಲ್ಲಿ ಬೊಬಾಸ್ಮಾ ಎಂಬ ಘಟಕವಿದೆ. ಪ್ರಯಾಣಿಕರು ಅದರ ಹೆಸರು ಕೇಳಿರುವುದಿಲ್ಲ, ಆದರೆ ಮಸ್ಕತ್‌ಗೋ ಸಿಂಗಪುರಕ್ಕೋ ಹೋಗುವ ಪ್ರತಿಯೊಬ್ಬರೂ ಅದರ ಋಣದಲ್ಲಿದ್ದಾರೆ.

ಬೆಂಗಳೂರಿನವರಿಗೆ ಇನ್ನೂ ಹತ್ತಿರದ ಒಂದು ಜಾಗವಿದೆ. ಇಸ್ರೋ ಮತ್ತು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ ಗಗನ್ ವ್ಯವಸ್ಥೆಯ ಮುಖ್ಯ ನಿಯಂತ್ರಣ ಕೇಂದ್ರ ಇರುವುದು ಕುಂದಲಹಳ್ಳಿಯಲ್ಲಿ. ದೇಶದ ಹದಿನೈದು ಕಡೆ ಇರುವ ಕೇಂದ್ರಗಳು ಜಿಪಿಎಸ್ ಸಂಕೇತದಲ್ಲಿ ಎಷ್ಟು ತಪ್ಪಿದೆಯೆಂದು ಸದಾ ಅಳೆದು ಕಳಿಸುತ್ತವೆ. ತಿದ್ದುಪಡಿಯನ್ನು ಲೆಕ್ಕ ಹಾಕಿ ಜಿಸ್ಯಾಟ್ ಉಪಗ್ರಹಗಳ ಮೂಲಕ ವಿಮಾನಗಳಿಗೆ ಹಂಚಲಾಗುತ್ತದೆ. ಜಿಪಿಎಸ್ ನಂಬಲು ಯೋಗ್ಯವಲ್ಲದ ಗಳಿಗೆಯಲ್ಲಿ ಆ ಸುದ್ದಿಯನ್ನೂ ಇದೇ ವ್ಯವಸ್ಥೆ ಮುಟ್ಟಿಸುತ್ತದೆ. 2013ರ ಡಿಸೆಂಬರ್ ಕೊನೆಯಲ್ಲಿ ಗಗನ್‌ಗೆ ಸಿಕ್ಕ ಮೊದಲ ಪ್ರಮಾಣಪತ್ರವೇ ಆರ್‌ಎನ್‌ಪಿ 0.1 ಸೇವೆಗೆ. 2015ರಲ್ಲಿ, ಇಳಿಯುವಾಗ ಎತ್ತರದ ಮಾರ್ಗದರ್ಶನವನ್ನೂ ಕೊಡಬಹುದೆಂಬ ಪ್ರಮಾಣಪತ್ರ ಬಂತು. 2022ರ ಏಪ್ರಿಲ್‌ನಲ್ಲಿ ಇಂಡಿಗೋದ ಒಂದು ಎಟಿಆರ್ ವಿಮಾನ ಗಗನ್ ನೆರವಿನಿಂದ ರಾಜಸ್ಥಾನದ ಕಿಶನ್‌ಗಢದಲ್ಲಿ ಇಳಿಯಿತು. ಇಳಿಯುವ ವಿಮಾನಕ್ಕೆ ದಾರಿ ತೋರುವ ಐಎಲ್ಎಸ್ ಎಂಬ ದುಬಾರಿ ರೇಡಿಯೊ ಉಪಕರಣವನ್ನು ರನ್‌ವೇ ಪಕ್ಕದಲ್ಲಿ ನಿಲ್ಲಿಸಲಾಗದ ಸಣ್ಣ ಊರಿನ ನಿಲ್ದಾಣಗಳಿಗೆ ಇದರ ಬೆಲೆ ಗೊತ್ತು. ಮಂಜಿನ ಬೆಳಗಿನಲ್ಲಿ ವಿಮಾನ ಇಳಿಯುತ್ತದೋ ಮರಳಿ ಹೋಗುತ್ತದೋ ಎಂದು ಕಾಯುವ ಜನಕ್ಕೆ ಇನ್ನೂ ಚೆನ್ನಾಗಿ ಗೊತ್ತು.

ಇಷ್ಟರವರೆಗೆ ಒಂದೊಂದೇ ವಿಮಾನದ ಕ್ಷಮತೆಯ ಮಾತಾಯಿತು. ಇಡೀ ವ್ಯವಸ್ಥೆಯ ಕ್ಷಮತೆಯನ್ನು ಅಳೆಯಲು ಐಕಾವೊ ಹನ್ನೊಂದು ವಿಷಯಗಳನ್ನು ಗುರುತಿಸಿದೆ: ಸುರಕ್ಷತೆ, ಭದ್ರತೆ, ಸಾಮರ್ಥ್ಯ, ದಕ್ಷತೆ, ವೆಚ್ಚ, ಪರಿಸರ, ಮುಂಚೆಯೇ ಅಂದಾಜಿಸಬಲ್ಲ ಖಚಿತತೆ, ಸಂದರ್ಭಕ್ಕೆ ಹೊಂದಿಕೊಳ್ಳುವ ಗುಣ, ಎಲ್ಲರಿಗೂ ನ್ಯಾಯವಾದ ಅವಕಾಶ, ಸಂಬಂಧಪಟ್ಟವರೆಲ್ಲರ ಪಾಲ್ಗೊಳ್ಳುವಿಕೆ, ದೇಶದೇಶಗಳ ನಡುವಿನ ಹೊಂದಾಣಿಕೆ. ಪಟ್ಟಿಯನ್ನು ಬಾಯಿಪಾಠ ಮಾಡಬೇಕಿಲ್ಲ. ಇವು ಒಂದನ್ನೊಂದು ಎಳೆದಾಡುತ್ತವೆ ಎಂಬುದು ತಿಳಿದರೆ ಸಾಕು. ಬೆಂಗಳೂರಿನಲ್ಲಿ ಮಂಜು ಕವಿದು ಇಳಿಯುವ ವಿಮಾನಗಳ ಸಂಖ್ಯೆಗೆ ಕಡಿವಾಣ ಬಿದ್ದರೆ, ದೆಹಲಿಯಲ್ಲಿರುವ ಕೇಂದ್ರೀಯ ಸಂಚಾರ ಹರಿವಿನ ಕೇಂದ್ರ ಬೇರೆ ಊರುಗಳಲ್ಲಿ ಹೊರಡಲಿರುವ ವಿಮಾನಗಳನ್ನು ಅಲ್ಲಿಯೇ ನಿಲ್ಲಿಸಬಹುದು. ಆಕಾಶದಲ್ಲಿ ಸುತ್ತು ಹೊಡೆದು ಸುಡುವ ಇಂಧನ ಉಳಿಯುತ್ತದೆ, ಕಂಟ್ರೋಲರ್ ಮೇಲಿನ ಹೊರೆ ಇಳಿಯುತ್ತದೆ. ಆದರೆ ಪುಣೆಯಲ್ಲಿ ಸೀಟಿಗೆ ಬೆಲ್ಟ್ ಕಟ್ಟಿ ಕುಳಿತವರ ಹೊತ್ತು ಹೋಗುತ್ತದೆ. ಇದು ಸರಿಯಾದ ಆಯ್ಕೆ ಎಂದೇ ನನ್ನ ಅಭಿಪ್ರಾಯ. ಆದರೆ ಅದು ಆಯ್ಕೆ ಎಂಬುದನ್ನು ಮರೆಯಬಾರದು.

ಯುರೋಪ್ 2012ರಿಂದ ಪರಿಸರ, ಸಾಮರ್ಥ್ಯ, ವೆಚ್ಚ ಎಂಬ ಮೂರಕ್ಕೆ ಕಡ್ಡಾಯ ಗುರಿಗಳನ್ನು ಇಟ್ಟುಕೊಂಡಿತು. ಮಾರ್ಗಮಧ್ಯದ ಸಂಚಾರ ದಟ್ಟಣೆಯಿಂದ ಆಗುವ ವಿಳಂಬ 2014ರ ಹೊತ್ತಿಗೆ ಸರಾಸರಿ ಒಂದು ಹಾರಾಟಕ್ಕೆ ಅರ್ಧ ನಿಮಿಷಕ್ಕೆ ಇಳಿಯಬೇಕು ಎಂಬುದು ಅವುಗಳಲ್ಲೊಂದು. ಖರ್ಚು ತಗ್ಗಿಸುವ ಗುರಿಗೂ ಹೊಸ ಕಂಟ್ರೋಲರ್‌ಗಳ ನೇಮಕಕ್ಕೂ ಅಲ್ಲಿ ಜಗ್ಗಾಟ ಇದ್ದೇ ಇದೆ. ಒಬ್ಬ ಕಂಟ್ರೋಲರ್ ತಯಾರಾಗಲು ವರ್ಷಗಳೇ ಹಿಡಿಯುತ್ತವೆ, ಈ ವರ್ಷ ಉಳಿಸಿದ ಹಣದ ಬೆಲೆಯನ್ನು ಮುಂದೊಂದು ಬೇಸಿಗೆಯ ಪ್ರಯಾಣಿಕರು ತೆರುತ್ತಾರೆ.

ಪಟ್ಟಿಯಲ್ಲಿನ ಪಾಲ್ಗೊಳ್ಳುವಿಕೆಯನ್ನು ಅನೇಕರು ಅಲಂಕಾರದ ಮಾತೆಂದು ಬಗೆಯುತ್ತಾರೆ. ಅಂಥವರಿಗೆ ನಾನು ಅಮೆರಿಕದ ಫೀನಿಕ್ಸ್ ನಗರವನ್ನು ತೋರಿಸುತ್ತೇನೆ. 2014ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಉಪಗ್ರಹ ಆಧಾರಿತ ನಿರ್ಗಮನ ಮಾರ್ಗಗಳು ಜಾರಿಗೆ ಬಂದವು. ಮೊದಲು ಆಚೀಚೆ ಹರಡಿಕೊಂಡು ಹಾರುತ್ತಿದ್ದ ವಿಮಾನಗಳು ಈಗ ಒಂದೇ ಗೆರೆಯ ಮೇಲೆ ಸಾಲಾಗಿ ಹೊರಟವು. ನಿಖರತೆ ಎಂದರೆ ಅದೇ ತಾನೆ. ಆ ಗೆರೆಯ ಕೆಳಗೆ ಹಳೆಯ ವಸತಿ ಬಡಾವಣೆಗಳಿದ್ದವು. ಶಬ್ದದ ದೂರುಗಳು ಮಳೆಯಂತೆ ಸುರಿದವು, ನಗರಾಡಳಿತ ಕೋರ್ಟಿಗೆ ಹೋಯಿತು. ಜನರನ್ನು ಸರಿಯಾಗಿ ಕೇಳದೆಯೇ ಮಾರ್ಗ ಬದಲಿಸಲಾಗಿದೆ ಎಂದು 2017ರ ಆಗಸ್ಟ್‌ನಲ್ಲಿ ನ್ಯಾಯಾಲಯ ನಗರದ ಪರವಾಗಿ ತೀರ್ಪಿತ್ತಿತು. ಮಾರ್ಗಗಳನ್ನು ಮತ್ತೆ ಬದಲಿಸಬೇಕಾಯಿತು. ಯಾರ ಸಂಕಟ ಅಳತೆಯೊಳಗೆ ಬರುವುದಿಲ್ಲವೋ ಅವರ ಪಾಲಿಗೆ ಎಷ್ಟು ದಕ್ಷ ವ್ಯವಸ್ಥೆಯೂ ಅನ್ಯಾಯದ್ದೇ.

ಜಾಗತಿಕ ಎಂಬ ಮಾತಿನಲ್ಲೂ ಒಂದು ತೊಡಕಿದೆ. ಎಲ್ಲ ದೇಶಗಳೂ ಎಲ್ಲ ವಿಮಾನಗಳೂ ಒಂದೇ ದಿನ ಸಜ್ಜಾಗುವುದಿಲ್ಲ. 1,000 ಅಡಿ ಅಂತರದಲ್ಲಿ ಹಾರಲು ಅನುಮತಿಯಿಲ್ಲದ ವಿಮಾನ ಬಂದರೆ ಅದನ್ನು ಮೊದಲು ಹೇಳಿದ ಆ ಹದಿಮೂರು ಹಂತಗಳ ಕೆಳಗೇ ಇಡಬೇಕಾಗಬಹುದು, ಅಲ್ಲಿ ಗಾಳಿ ದಟ್ಟ, ಇಂಧನ ಹೆಚ್ಚು ಖರ್ಚು. ಸಜ್ಜಾದವರಿಗೆ ಒಳ್ಳೆಯ ದಾರಿ ಸಿಗಲಿ ಎಂಬ ನೀತಿ ಸುಧಾರಣೆಗೆ ಒತ್ತಾಸೆಯಾಗುತ್ತದೆ, ಬಡ ದೇಶದ ಸಣ್ಣ ಕಂಪನಿಗೆ ಮಾತ್ರ ಅದೇ ಹೊರೆ. ನ್ಯಾಯವಾದ ಅವಕಾಶವೂ ಆ ಹನ್ನೊಂದರಲ್ಲಿ ಒಂದಾಗಿರುವುದು ಇದಕ್ಕಾಗಿಯೇ.

ಇದಕ್ಕಿಂತ ಹೊಸ ಚಿಂತೆ ಜಿಪಿಎಸ್‌ನದು. ಯುದ್ಧ ನಡೆಯುವ ಪ್ರದೇಶಗಳ ಸುತ್ತ ಸಂಕೇತವನ್ನು ಅಡಗಿಸುವುದು, ಸುಳ್ಳು ಸಂಕೇತ ಬಿತ್ತುವುದು ಈಗ ಸಾಮಾನ್ಯವಾಗಿದೆ. ಸಂಕೇತ ಕಡಿದು ಹೋದರೆ ವಿಮಾನ ಎಚ್ಚರಿಕೆ ಕೊಡುತ್ತದೆ, ಪೈಲಟ್ ಬೇರೆ ದಾರಿ ಹಿಡಿಯುತ್ತಾರೆ. ಆದರೆ ನಿಜದಂತೆಯೇ ತೋರುವ ಸುಳ್ಳು ಸಂಕೇತವನ್ನು ಗುರುತಿಸುವುದು ಅಷ್ಟು ಸುಲಭವಲ್ಲ. ಅದಕ್ಕೇ ವಿಮಾನದೊಳಗಿನ ಜಡತ್ವ ಮಾಪಕಗಳು, ನೆಲದ ಮೇಲಿನ ಹಳೆಯ ಕೇಂದ್ರಗಳು ಈಗಲೂ ಬೇಕು. ಅಮೆರಿಕ ತನ್ನ ವಿಒಆರ್‌ಗಳನ್ನು ಕಡಿಮೆ ಮಾಡುವಾಗ ಎಷ್ಟು ಉಳಿಸಬೇಕೆಂಬುದನ್ನು ಇದೇ ಬಗೆಯಲ್ಲಿ ನಿರ್ಧರಿಸಿತು: ಜಿಪಿಎಸ್ ಇಲ್ಲವಾದರೆ, ದೇಶದ ಮುಖ್ಯ ಭೂಭಾಗದ ಮೇಲೆ ಎಲ್ಲೇ ಇರುವ ವಿಮಾನಕ್ಕೂ 100 ನಾಟಿಕಲ್ ಮೈಲಿಯೊಳಗೆ, ಜಿಪಿಎಸ್ ನೆರವಿಲ್ಲದೆ ಇಳಿಯಬಹುದಾದ ಒಂದು ನಿಲ್ದಾಣ ಸಿಗಬೇಕು. ಅದಕ್ಕೆ ಬೇಕಾದಷ್ಟು ಕೇಂದ್ರಗಳು ಉಳಿದುಕೊಂಡಿವೆ.